ಗ್ಲಾಸಿನಲ್ಲಿ ನೀರಿತ್ತು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ದೂರನ್ನು ಕೇಳಿ ದಫೇದಾರ ಮೊದಲು ನಕ್ಕುಬಿಟ್ಟ. ಉಗಿ ಎಂಜಿನ್ನಿನ ಬೆಂಕಿಗೂಡಿನಲ್ಲಿ ಯಾರೋ ಬೆಂಕಿ ಹಚ್ಚಿದ್ದಾರೆ ಎಂಬುದು ದೂರು. ಒಲೆಯಲ್ಲಿ ಬೆಂಕಿ ಹೊತ್ತಿಸಿದರೆ ಅದ್ಯಾವ ಅಪರಾಧ ಎಂದು ಅವನ ಲೆಕ್ಕ. ದೂರು ತಂದಿದ್ದ ರೈಲು ಸಂಗ್ರಹಾಲಯದ ಮೇಲ್ವಿಚಾರಕರು ಕುರ್ಚಿ ಕೊಟ್ಟರೂ ಕೂರದೆ, ಮನೆಯಲ್ಲಿ ಸಾವಾದವರ ಹಾಗೆ ನಿಂತಿದ್ದರು. ಅವರ ಮುಖ ನೋಡಿದ ಇನ್ಸ್‌ಪೆಕ್ಟರ್ ಕಣ್ಣಲ್ಲೇ ಗದರಿದ್ದರಿಂದ ದಫೇದಾರ ನಗು ನುಂಗಿಕೊಂಡು ಪೆನ್ನು ತೆಗೆದ.

ಬಾಯ್ಲರಿನಲ್ಲಿ ನೀರಿದ್ದರೆ ಬೆಂಕಿ ಅದಕ್ಕೆ ಅನ್ನವಿದ್ದಂತೆ, ನೀರಿಲ್ಲದಿದ್ದರೆ ಅದೇ ಬೆಂಕಿ ಎಂಜಿನ್ನನ್ನೇ ತಿಂದುಹಾಕುತ್ತದೆ ಎಂದು ಮೇಲ್ವಿಚಾರಕರು ವಿವರಿಸಿದರು. ಇನ್ನು ಮೂರು ತಿಂಗಳಿಗೆ ಅದನ್ನು ಮತ್ತೆ ಓಡಿಸುವುದೆಂದು ನಿಗದಿಯಾಗಿತ್ತು. ಈಗ ಬೆಂಕಿಗೂಡಿನ ಚಾವಣಿ ಸುಟ್ಟು ಜೋತುಬಿದ್ದಿದೆ. ಅಂಥ ತಗಡನ್ನು ಬಡಿಯುವ ಕಾರ್ಖಾನೆ ಈಗ ಎಲ್ಲೂ ಇಲ್ಲ. ವಾರದ ರಜೆಯಾದ ಸೋಮವಾರ ಅಪರಿಚಿತರು ಆವರಣ ಹೊಕ್ಕು, ಸಂರಕ್ಷಿತ ಎಂಜಿನ್ನಿಗೆ ದುರಸ್ತಿಯಾಗದಷ್ಟು ಹಾನಿ ಮಾಡಿದ್ದಾರೆಂದು ಎಫ್‌ಐಆರ್ ದಾಖಲಾಯಿತು. ಮೇಲ್ವಿಚಾರಕರಿಗೆ ಒಬ್ಬನ ಮೇಲೆ ಅನುಮಾನವೂ ಇತ್ತು. ಕೆಲಸದಿಂದ ತೆಗೆದುಹಾಕಿದ್ದ ಫಿಟ್ಟರ್ ಒಬ್ಬ ಹೋಗುವಾಗ ನೋಡ್ಕೋತೀನಿ ಎಂದು ತೊಡೆ ತಟ್ಟಿದ್ದನಂತೆ. ದಫೇದಾರ ವಿಚಾರಿಸಿದರೆ ಆ ತೊಡೆಯೇ ಮುರಿದು, ಅವನು ವಾರದಿಂದ ಆಸ್ಪತ್ರೆಯಲ್ಲಿ ಕಾಲು ನೇತುಹಾಕಿಕೊಂಡು ಮಲಗಿದ್ದ.

ಮಧ್ಯಾಹ್ನದ ಹೊತ್ತಿಗೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಚಹಾ ಅಂಗಡಿಯವನನ್ನೂ ಜೆರಾಕ್ಸ್ ಅಂಗಡಿಯವನನ್ನೂ ಕರೆತಂದದ್ದಾಯಿತು. ಇಬ್ಬರಿಗೂ ವ್ಯಾಪಾರ ಕೆಡುತ್ತದೆಂಬ ಸಂಕಟ. ಎಂಜಿನ್ ನೋಡಿದ ಮೇಲೆ ಆ ಮಾತೆತ್ತಲಿಲ್ಲ.

ಶೆಡ್ಡಿನ ತುಂಬ ಅದೇ ಇತ್ತು. ಇನ್ಸ್‌ಪೆಕ್ಟರಿಗೆ ಅದರ ಗಾಲಿಗಳೇ ತಲೆಯೆತ್ತರಕ್ಕೆ ಬರುತ್ತಿದ್ದವು. ಓಡಿಸುತ್ತಿದ್ದವರು ಅದನ್ನು ಎಮ್ಮೆ ಎನ್ನುತ್ತಿದ್ದರಂತೆ. ಶೆಡ್ಡಿನ ಮೇಸ್ತ್ರಿ ಅದರ ಕತೆ ಹೇಳಿದ. ಪ್ರಯಾಣಿಕರ ಗಾಡಿಗೆ ಒಂದು ದಿನವೂ ಕಟ್ಟಿದ್ದಿಲ್ಲ. ಗಣಿಯಿಂದ ಅದಿರು ತುಂಬಿದ ಬೋಗಿಗಳನ್ನು ಏರುದಾರಿಯಲ್ಲಿ ಎಳೆದು ಬಂದರಿಗೆ ಮುಟ್ಟಿಸುವುದು, ಖಾಲಿ ಬೋಗಿಗಳನ್ನು ವಾಪಸು ತರುವುದು, ಆಯುಸ್ಸೆಲ್ಲ ಇದೇ ದುಡಿಮೆ. ಯಾರೂ ಹಾರ ಹಾಕಿದವರಲ್ಲ, ಕೈಬೀಸಿದವರಲ್ಲ. ಡೀಸೆಲ್ ಬಂದ ಮೇಲೆ ಪೊದೆಯೊಳಗೆ ತಳ್ಳಿದರು. ಹಿತ್ತಾಳೆಯದೆಲ್ಲ ಕಳ್ಳರ ಪಾಲಾಯಿತು, ಚಿಮಣಿಯಲ್ಲಿ ಹಕ್ಕಿ ಮರಿ ಮಾಡಿತು. ಅಲ್ಲಿಂದ ಎತ್ತಿ ತಂದು, ತುಕ್ಕು ಕೆರೆದು, ಸವೆದ ಕೊಳವೆಗಳನ್ನೆಲ್ಲ ಬದಲಿಸಿ ಈ ಸ್ಥಿತಿಗೆ ತರಲು ಹನ್ನೊಂದು ವರ್ಷ ಹಿಡಿದಿತ್ತು. ಇಷ್ಟು ಹೇಳಿ ಮೇಸ್ತ್ರಿ ಕೈಯೊರೆಸುವ ಬಟ್ಟೆಯಿಂದ ಮೂಗು ಒರೆಸಿಕೊಂಡ.

ದಫೇದಾರ ಬರೆಯುತ್ತ ಹೋದ. ಎಂಜಿನ್ನಿನ ಕೆಳಗಿನ ಬೂದಿಗುಂಡಿಯಲ್ಲಿ ಅರೆಬೆಂದ ಕಲ್ಲಿದ್ದಲಿನ ರಾಶಿ. ಬಾಯ್ಲರಿನ ಹೊಸ ಕಪ್ಪು ಬಣ್ಣ ಬೊಬ್ಬೆ ಎದ್ದಿದೆ. ಚಿಮಣಿಯ ಮುಚ್ಚಳವನ್ನು ಇಳಿಸಿ, ಬಣ್ಣಕ್ಕೆ ಗೀರು ಬೀಳದಂತೆ ಅಡಿಯಲ್ಲಿ ಗೋಣಿ ಹಾಸಿ ಇಟ್ಟಿದೆ. ಡ್ರೈವರ್ ಕೂರುವ ಹಲಗೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಹೊದಿಕೆ ಇದೆ.

ಹಾಳುಮಾಡಲು ಬಂದವನು ಮುಚ್ಚಳಕ್ಕೆ ಗೋಣಿ ಹಾಸುತ್ತಾನೆಯೇ? ಇನ್ಸ್‌ಪೆಕ್ಟರಿಗೆ ಅದೇ ಕೊರೆಯತೊಡಗಿತು. ಗೂಡಿನಲ್ಲಿ ಉಳಿದ ಬೂದಿಯ ಗುರುತು ನೋಡಿ, ಬೆಂಕಿ ಹಾಕಿರುವ ರೀತಿಯೂ ಪಳಗಿದ ಕೈಯದೇ ಎಂದು ಮೇಸ್ತ್ರಿ ಒಪ್ಪಿಕೊಂಡ. ಕಲ್ಲಿದ್ದಲನ್ನು ಹಿಂದಿನ ಮೂಲೆಗಳಿಗೆ ದಪ್ಪ, ಮುಂದಕ್ಕೆ ತೆಳು, ಹೀಗೆ ಕಲಿತವರು ಮಾತ್ರ ಹರಡುತ್ತಾರೆ. ಆಮೇಲೆ ಅದೇ ಕೈ ಗಾಬರಿಬಿದ್ದು ಉರಿಯುವ ಬೆಂಕಿಯನ್ನೆಲ್ಲ ಕೆಳಕ್ಕೆ ಎಳೆದುಹಾಕಿದೆ.

ಅಷ್ಟರಲ್ಲಿ ದಫೇದಾರ ತಲೆ ಕೆರೆದುಕೊಂಡು, ಬಾಯ್ಲರಿನಲ್ಲಿ ಅರ್ಧ ನೀರಿದೆಯಲ್ಲ, ಖಾಲಿ ಎಂದು ಹೇಗೆ ಬರೆಯಲಿ ಎಂದು ಕೇಳಿದ. ಒಳಗೆ ಎಷ್ಟು ನೀರಿದೆಯೆಂದು ತೋರಿಸಲು ಎದುರಿಗೆ ಎರಡು ಗಾಜಿನ ಕೊಳವೆಗಳಿದ್ದವು, ಶೆಡ್ಡಿನವರ ಮಾತಿನಲ್ಲಿ ಗ್ಲಾಸು. ಬಲಗಡೆಯದು ಒಡೆದಿತ್ತು. ಎಡಗಡೆಯದರಲ್ಲಿ ನೀರು ಅರ್ಧಕ್ಕೆ ನಿಂತಿತ್ತು. ಮೇಸ್ತ್ರಿ ಮೇಲ್ವಿಚಾರಕರತ್ತ ನೋಡಿದ. ಮೇಲ್ವಿಚಾರಕರು ನೆಲ ನೋಡಿದರು.

“ಅದು ಒಳಗಿನ ನೀರಲ್ಲ ಮೇಡಂ,” ಎಂದರು ಕೊನೆಗೆ. “ಹೋದ ವಾರ ಬಾಯ್ಲರ್ ಪರೀಕ್ಷೆ ಮುಗೀತು, ನೀರು ಖಾಲಿ ಮಾಡಿಸ್ದೆ. ಗ್ಲಾಸು ಬರಿದಾಗಿದ್ರೆ ಶಾಲೆ ಮಕ್ಕಳಿಗೆ ತೋರಿಸೋಕೆ ಏನೂ ಇರಲ್ಲ ಅಂತ ಎರಡರಲ್ಲೂ ನೀರು ತುಂಬಿ, ಮೇಲೂ ಕೆಳಗೂ ರಬ್ಬರ್ ಬಿರಡೆ ಹಾಕಿಸಿದ್ದೆ.”

“ಯಾರ್ಯಾರಿಗೆ ಗೊತ್ತಿತ್ತು?”

“ನನಗೆ, ಮೇಸ್ತ್ರಿಗೆ. ಇಬ್ಬರಿಗೇ.”

ಹಾಗಾದರೆ ಬೆಂಕಿ ಹಚ್ಚಿದವನು ಗ್ಲಾಸನ್ನು ನಂಬಿದ್ದಾನೆ. ಅವನು ಎಂಜಿನ್ ಕೆಡಿಸಲು ಬಂದವನಲ್ಲ, ಓಡಿಸಲು ಬಂದವನು.

ಗ್ಲಾಸು ನೋಡಿ ನಂಬಿಬಿಟ್ಟರೆ ಸಾಕೇ ಎಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಮೇಸ್ತ್ರಿ ಸಾಲದೆಂದು ತಲೆಯಾಡಿಸಿದ. ಗ್ಲಾಸಿನ ಕೆಳಗೆ ಪುಟ್ಟ ನಲ್ಲಿಯಿದೆ. ಅದನ್ನು ತಿರುಗಿಸಿ ನೀರು ಇಳಿದು ಮತ್ತೆ ಏರುವುದನ್ನು ನೋಡಬೇಕು. ನೋಡುವುದು ಡ್ರೈವರ್. ಅವನು “ನೀರಿದೆ” ಎಂದ ಮೇಲೆಯೇ ಫೈರ್‌ಮನ್ ಕಡ್ಡಿ ಗೀರುವುದು. ಡ್ರೈವರ್ ಹೇಳಿದ ಮೇಲೆ ಫೈರ್‌ಮನ್ ಮತ್ತೊಮ್ಮೆ ನಲ್ಲಿ ಮುಟ್ಟಿದರೆ ಡ್ರೈವರಿನ ಮುಖಕ್ಕೆ ಉಗಿದ ಹಾಗೆ. ಅದು ಆ ಕಾಲದವರ ಕಟ್ಟಳೆ.

ಇನ್ಸ್‌ಪೆಕ್ಟರ್ ಬೆಂಕಿಗೂಡಿನ ಮುಂದೆ ಬಿದ್ದಿದ್ದ ಕಲ್ಲಿದ್ದಲಿನ ಸಲಿಕೆಯನ್ನು ಕೈಗೆತ್ತಿಕೊಂಡರು. ಆಕೆ ಎಡಗೈಯವರು. ಎಡಗೈಯಲ್ಲಿ ಬರೆದದ್ದಕ್ಕೆ ಚಿಕ್ಕಂದಿನಲ್ಲಿ ಬೆರಳ ಗಂಟಿಗೆ ಸಾಕಷ್ಟು ಏಟು ತಿಂದವರು. ಸಲಿಕೆ ಬೀಸುವಂತೆ ನಿಂತು ನೋಡಿದರೆ ಆಕೆಯ ಬೆನ್ನು ಡ್ರೈವರಿನ ಹಲಗೆಗೆ ತಾಗುತ್ತಿತ್ತು. ಚೆಲ್ಲಿದ ಕಲ್ಲಿದ್ದಲಿನ ಪುಡಿಯೆಲ್ಲ ಆಕೆಯ ಕಾಲ ಬುಡದಲ್ಲೇ ಇತ್ತು, ಎದುರು ಬದಿಯ ನೆಲ ಗುಡಿಸಿದಷ್ಟು ಶುಭ್ರ.

“ಮೇಸ್ತ್ರಿಗಳೇ, ಫೈರ್‌ಮನ್ ಇಲ್ಲಿ ನಿಂತ್ಕೋತಾನಾ?”

“ಇಲ್ಲ. ಆ ಕಡೆ. ಇಲ್ಲಿ ನಿಂತ್ರೆ ಡ್ರೈವರಿಗೆ ಅಡ್ಡ.”

“ಎಡಗೈಯವನಾದ್ರೆ?”

ಗುಟ್ಟು ಬಿಟ್ಟುಕೊಡಲು ಮೇಸ್ತ್ರಿಗೆ ಮನಸ್ಸಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಕಡೆಗೆ ತುಂಡು ತುಂಡಾಗಿ ಹೇಳಿದ. ಅಂಥವನು ಇಡೀ ರೈಲುದಾರಿಗೆ ಒಬ್ಬನೇ ಇದ್ದ. ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಯಾವ ಡ್ರೈವರೂ ಅವನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಕೆಲಸ ಹೋಗುವ ಹಂತಕ್ಕೆ ಬಂದಾಗ ಎಮ್ಮೆಯ ಡ್ರೈವರ್ ಮಾತ್ರ ನನ್ನ ಜೊತೆ ಬರಲಿ ಎಂದು, ತನ್ನ ಹಲಗೆಯನ್ನೇ ಒಂದು ಗೇಣು ಹಿಂದಕ್ಕೆ ಹೊಡೆಸಿಕೊಂಡರಂತೆ. ಆಮೇಲೆ ಇಪ್ಪತ್ತೆರಡು ವರ್ಷ ಅವರಿಬ್ಬರನ್ನು ಯಾರೂ ಬೇರೆ ಮಾಡಲಿಲ್ಲ. ಹಲಗೆ ಈಗಲೂ ಹಿಂದಕ್ಕೇ ಇತ್ತು.

ಸಂಜೆ ನಾಲ್ಕಕ್ಕೆ ಸಂಗ್ರಹಾಲಯದ ಕಾವಲುಗಾರನ ವಿಚಾರಣೆಯಾಯಿತು.

“ನಿನ್ನೆ ಯಾರು ಬಂದಿದ್ರು?”

“ಯಾರೂ ಇಲ್ಲ ಮೇಡಂ.”

“ಹೊಗೆ ಕಾಣಲಿಲ್ವಾ?”

“ಇಲ್ಲ ಮೇಡಂ.”

“ಇಡೀ ಓಣಿಗೆ ಕಂಡಿದೆ. ಚಹಾ ಅಂಗಡಿಯವರು ಹೇಳ್ತಿದಾರೆ.”

ಕಾವಲುಗಾರ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಪ್ರತಿ ಸೋಮವಾರ ಇಬ್ಬರು ಮುದುಕರು ಬರುತ್ತಿದ್ದುದು ನಿಜವೆಂದ. ಮಕ್ಕಳಿಗೆಂದು ಮಾಡಿಸಿದ ಮರದ ಮೆಟ್ಟಿಲಿನ ಮೇಲೆ ಒಬ್ಬರು ಇನ್ನೊಬ್ಬರನ್ನು ಕೈಹಿಡಿದು ಹತ್ತಿಸಿ, ಒಂದು ಗಂಟೆ ಸುಮ್ಮನೆ ಕೂತು ಹೋಗುತ್ತಿದ್ದರು. ಯಾರಿಗೂ ಉಪದ್ರವವಿರಲಿಲ್ಲ. ನಿನ್ನೆ ಅವರನ್ನು ಬಿಟ್ಟು ಊಟಕ್ಕೆ ಹೋದವನು ಮನೆಯಲ್ಲೇ ನಿದ್ದೆಹೋದ. ಹೊಗೆ ನೋಡಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಯಾಕೆ ಹೇಳಲಿಲ್ಲ?”

“ಒಬ್ಬ ತಾತ ಕೈ ಸುಟ್ಕೊಂಡು ಹಳಿ ಪಕ್ಕ ಕೂತು ಅಳ್ತಾ ಇದ್ರು ಮೇಡಂ. ಅದನ್ನ ಹೋಗಿ ಯಾರಿಗೆ ಅಂತ ಹೇಳ್ಲಿ?”

ಡ್ರೈವರಿನ ಮನೆ ಶೆಡ್ಡಿನ ಹಿಂದಿನ ಬೀದಿಯಲ್ಲೇ ಇತ್ತು. ಬಾಗಿಲು ತೆಗೆದ ಮಗಳು ಸಮವಸ್ತ್ರ ನೋಡಿಯೂ ಬೆಚ್ಚಲಿಲ್ಲ. ಅಪ್ಪನಿಗೆ ಎರಡು ವರ್ಷದಿಂದ ನೆನಪೆಲ್ಲ ಅಳಿಸಿಹೋಗಿದೆ, ತನ್ನನ್ನೇ ಯಾರಮ್ಮಾ ನೀನು ಎನ್ನುತ್ತಾರೆ ಎಂದಳು. ಆದರೆ ದಿನಾ ಬೆಳಿಗ್ಗೆ ಹಳೇ ಕೋಟು ಹಾಕಿಕೊಂಡು, ಹೊಸ್ತಿಲ ಬಳಿ ನಿಂತು, ಬಂದವರನ್ನೆಲ್ಲ ಎಂಜಿನ್ ಬಿಸಿಯಾಯಿತಾ ಎಂದು ಕೇಳುತ್ತಾರೆ. ಮೂರು ತಿಂಗಳು ಕಾಯುವ ಸ್ಥಿತಿಯಲ್ಲಿ ಅವರಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಎಡಚ ಚಿಕ್ಕಪ್ಪ ಹೋಗಿ, ಒಂದೇ ಒಂದು ಸಲ ಹಚ್ಚಲು ಬಿಡಿ ಎಂದು ಮೇಲ್ವಿಚಾರಕರನ್ನು ಬೇಡಿಕೊಂಡಿದ್ದ, ಕಾಲು ಹಿಡಿಯುವುದೊಂದು ಬಾಕಿ. ಬಾಯ್ಲರ್ ಪರೀಕ್ಷೆಯ ಪ್ರಮಾಣಪತ್ರ ಬರುವವರೆಗೆ ಆಗುವುದಿಲ್ಲವೆಂದು ಅವರು ವಾಪಸು ಕಳಿಸಿದ್ದರು.

ಒಳಕೋಣೆಯಲ್ಲಿ ಡ್ರೈವರ್ ನಿದ್ದೆಹೋಗಿದ್ದರು. ಎಡಚ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಅವನ ಎಡಗೈಗೆ ಮೊಣಕೈವರೆಗೂ ಪಟ್ಟಿಯಿತ್ತು. ಇನ್ಸ್‌ಪೆಕ್ಟರನ್ನು ಕಂಡು ಎದ್ದು, ತುಟಿಯ ಮೇಲೆ ಬೆರಳಿಟ್ಟು, ಹೊರಗೆ ಬರುವುದಾಗಿ ಸನ್ನೆ ಮಾಡಿದ. ದಫೇದಾರ ಬೂಟು ಸದ್ದಾಗದಂತೆ ಹಿಂದಕ್ಕೆ ಸರಿದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಎಡಚ ಏನನ್ನೂ ಅಲ್ಲಗಳೆಯಲಿಲ್ಲ. ಪರೀಕ್ಷೆಗೆಂದು ಬಾಯ್ಲರಿಗೆ ನೀರು ತುಂಬುವಾಗ ಕೊಳವೆ ಹಿಡಿದಿದ್ದವನು ಅವನೇ. ಖಾಲಿ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ತಣ್ಣಗಿರುವ ಎಂಜಿನ್ ಬಿಸಿಯಾಗಲು ಅರ್ಧ ದಿನ ಬೇಕು, ಹಾಗಾಗಿ ಉಗಿಯ ಒತ್ತಡ ತೋರಿಸುವ ಮುಳ್ಳು ಮೇಲೇಳದಿದ್ದರೂ ಅನುಮಾನ ಬರಲಿಲ್ಲ. ಬಣ್ಣ ಸುಟ್ಟ ವಾಸನೆ ಬಂದಾಗ ಎದೆ ಧಸಕ್ಕೆಂದು ನಲ್ಲಿ ತಿರುಗಿಸಿದ. ಒಂದು ಹನಿಯೂ ಬೀಳಲಿಲ್ಲ.

“ನೀರು ನೋಡದೆ ಬೆಂಕಿ ಹಚ್ಚಿದೆ ಅಂತ ಬರ್ಕೊಳ್ಳಿ. ತಪ್ಪೆಲ್ಲ ನಂದೇ.”

“ನೀರಿದೆ ಅಂತ ಹೇಳಿದ್ದು ಯಾರು?”

ಬರೆಯಿರಿ ಎಂಬಂತೆ ಅವನು ಕಾಗದದತ್ತ ಕೈ ತೋರಿಸಿದ.

“ಡ್ರೈವರ್ ಹೇಳದೆ ನೀವು ಕಡ್ಡಿ ಗೀರೋರಲ್ಲ ಅಂತ ಗೊತ್ತು ನನಗೆ.”

“ಯಜಮಾನ್ರ ಹೆಸರು ಬೇಡ ಮೇಡಂ,” ಎಂದ ಎಡಚ. “ಇಡೀ ಸರ್ವಿಸಲ್ಲಿ ಅವರ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ. ನೀರಿಲ್ಲದೆ ಬಾಯ್ಲರ್ ಸುಟ್ಟ ಅನ್ನೋದಿದೆಯಲ್ಲ, ನಮ್ಮಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅದು ನನಗೇ ಇರ್ಲಿ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ದಫೇದಾರ ತಾನಾಗಿಯೇ ಎದ್ದು ನೀರು ತಂದುಕೊಟ್ಟ. ಎಡಚ ಬಲಗೈಯಲ್ಲಿ ಲೋಟ ಹಿಡಿದು, ಕುಡಿಯದೆ ಹಾಗೇ ಕೂತ.

“ಎರಡು ವರ್ಷ ದಿನಾ ಹೋಗ್ತಿದೀನಿ. ನಾನ್ಯಾರು ಅಂತಾನೇ ಗೊತ್ತಿರಲಿಲ್ಲ ಅವರಿಗೆ. ನಿನ್ನೆ ಹಲಗೆ ಮೇಲೆ ಕೂತ್ರು, ಗ್ಲಾಸು ನೋಡಿದ್ರು, ನನ್ನ ಕಡೆ ತಿರುಗಿ, ‘ಲೋ ಎಡಚಾ, ನೀರಿದೆ, ಹಚ್ಚೋ’ ಅಂದ್ರು. ಹಳೇ ದನಿ, ಹಳೇ ಗತ್ತು. ನಲ್ಲಿಗೆ ಕೈ ಹಾಕಲೇ ಇಲ್ಲ ಅವರು, ಅದನ್ನೂ ನೋಡ್ದೆ. ಎಡಚಾ ಅಂತ ಕರೆದ್ರಲ್ಲ ಮೇಡಂ. ಆಮೇಲೆ ನಾನು ನಲ್ಲಿ ತಿರುಗಿಸಿ, ನಿಮ್ಮ ಮಾತು ಸರೀನಾ ಅಂತ ಹೇಗೆ ನೋಡ್ಲಿ?”

ಇನ್ಸ್‌ಪೆಕ್ಟರ್ ಪೆನ್ನನ್ನು ಮತ್ತೆ ಎತ್ತಿಕೊಂಡರು. ಬಳಿಕ ಆರೋಪಿ ಹೇಳಬಯಸಿದ್ದನ್ನಷ್ಟೇ, ನೀರು ನೋಡದೆ ಬೆಂಕಿ ಹಚ್ಚಿದೆನೆಂದು, ಎಡಗೈಯಲ್ಲಿ ಬರೆದು ಸಹಿಗೆ ತಿರುಗಿಸಿದರು. ಹೇಳಿಕೆ ಎಂದರೆ ಹೇಳಿದವನದು, ಕಾನೂನಿನಲ್ಲಿ ಅದಕ್ಕೆ ತಪ್ಪು ಕಾಣಲಿಲ್ಲ. ಕಂಡಿದ್ದರೂ ಆಕೆ ಹಾಗೇ ಬರೆಯುತ್ತಿದ್ದರು. ಸುಟ್ಟ ಕೈಗೆ ಪೆನ್ನು ಹಿಡಿಯಲಾಗದೆ ಎಡಚ ಬಲಗೈ ಹೆಬ್ಬೆಟ್ಟು ಒತ್ತಿದ. ಮಂಗಳವಾರ ಸಂಜೆ ಏಳೂವರೆಗೆ ಅವನ ಬಂಧನವಾಯಿತು.

ಮರುದಿನ ಬೆಳಿಗ್ಗೆ ಎಡಚನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಡ್ರೈವರಿನ ಮಗಳು ಅವನ ರಕ್ತದೊತ್ತಡದ ಮಾತ್ರೆ ತಂದಳು. ಅಪ್ಪ ಹೇಗಿದ್ದಾರೆಂದು ಇನ್ಸ್‌ಪೆಕ್ಟರ್ ಕೇಳಿದರು. ಅವಳು ಹೇಳಿದ್ದನ್ನು ಆಕೆ ತಾವೇ ಲಾಕಪ್ಪಿನ ಸರಳುಗಳ ಬಳಿ ಹೋಗಿ ಎಡಚನಿಗೆ ಮುಟ್ಟಿಸಿದರು.

“ನಿಮ್ಮ ಯಜಮಾನ್ರು ಇವತ್ತು ಕೋಟು ಕೇಳಲೇ ಇಲ್ಲವಂತೆ. ಹಾಸಿಗೇಲಿ ಆರಾಮಾಗಿ ಮಲಗಿದಾರೆ. ಮೊನ್ನೆ ನಾನೂ ಎಡಚನೂ ಅರವತ್ತು ಬೋಗಿ ಬಂದರಿಗೆ ಮುಟ್ಟಿಸಿ ಬಂದ್ವಿ, ಇನ್ನು ರಜೆ ಅಂತ ಎಲ್ಲರ ಹತ್ರ ಹೇಳ್ತಿದಾರಂತೆ.”

ಎಡಚ ಪಟ್ಟಿ ಕಟ್ಟಿದ ಕೈಯನ್ನು ಸರಳಿಗೆ ಆನಿಸಿ ನಿಂತ.

“ಅರವತ್ತಾ?” ಎಂದ. “ಅರವತ್ತು ಎಳೆಯೋ ಶಕ್ತಿ ಎಲ್ಲಿತ್ತು ನಮ್ಮೆಮ್ಮೆಗೆ. ಐವತ್ತು ದಾಟಿದ್ರೆ ಏರಲ್ಲಿ ನಿಂತೇ ಬಿಡೋದು.”

ಅವನಿಗೆ ನಗು ಬಂತು. ನಗುತ್ತಲೇ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಭುಜ ಅಲುಗುವುದು ನಿಲ್ಲುವವರೆಗೂ ಇನ್ಸ್‌ಪೆಕ್ಟರ್ ಬೀಗ ತೆಗೆಯಲು ಹೇಳಲಿಲ್ಲ. ಹೊರಗೆ ಜೀಪು ಚಾಲೂ ಮಾಡಿಕೊಂಡು ನಿಂತಿದ್ದ ಚಾಲಕನಿಗೆ ದಫೇದಾರ ಹೋಗಿ, ಸ್ವಲ್ಪ ಹೊತ್ತು ಎಂಜಿನ್ ಆರಿಸಪ್ಪ ಎಂದ.