ಒತ್ತಿನ ಜಾಗದಲ್ಲಿ ಮಲಗಿದ ನಾಯಿ

"ನಾಯಿ ಎಲ್ಲಿ ಮಾಮ?"

ಅಂಗಡಿಯ ಗಾಜಿಗೆ ಮೂಗು ಒತ್ತಿಕೊಂಡು ಪಿಟೀಲು ಕೂಗಿದಳು.

"ಯಾವ ನಾಯಿ?" ಡಿಸ್ಕ್ ಮಾಮ ಒಳಗಿನಿಂದ ಕೇಳಿದರು.

"ಪೋಸ್ಟರಲ್ಲಿ ಇತ್ತಲ್ಲ, ಮುದುಡಿಕೊಂಡು ಮಲಗಿರೋ ನಾಯಿ! ಇಲ್ಲೇ ಇರಬೇಕಿತ್ತು, ಹೆಸರಿನ ಕೆಳಗೆ! ಯಾರು ತೆಗೆದಿದ್ದು? ಯಾಕೆ ತೆಗೆದಿದ್ದು? ಹೇಳಿ ಮಾಮ, ಹೇಳಿ!"

ಪಿಟೀಲು ಅವಳ ನಿಜವಾದ ಹೆಸರಲ್ಲ, ಬಿಡಿ. ಕಣ್ಣು ಬಿಟ್ಟಾಗಿನಿಂದ ಮಲಗುವವರೆಗೆ ಒಂದೇ ಸಮನೆ ಕುಯ್ಯುತ್ತಾಳೆ ಅಂತ ಅಪ್ಪ ಇಟ್ಟ ಅಡ್ಡಹೆಸರು. ಅದು ಮನೆಯಿಂದ ಬೀದಿಗೆ ಬಂತು, ಬೀದಿಯಿಂದ ಸ್ಕೂಲಿಗೂ ಹೋಯಿತು. ಅವಳಿಗೇನೂ ಬೇಜಾರಿಲ್ಲ. ಮಾತಾಡೋಕೆ ಇಷ್ಟೊಂದು ವಿಷಯ ಇರುವಾಗ ಬೇಜಾರು ಮಾಡಿಕೊಳ್ಳೋಕೆ ಟೈಮ್ ಎಲ್ಲಿ?

ಡಿಸ್ಕ್ ಮಾಮನ ಅಂಗಡಿ ಬೀದಿಯ ತುದಿಯಲ್ಲಿದೆ. ಇಬ್ಬರು ಒಟ್ಟಿಗೆ ಒಳಗೆ ಹೋದರೆ ಒಬ್ಬರು ಅಡ್ಡಡ್ಡ ನಡೆಯಬೇಕು, ಅಷ್ಟು ಕಿರಿದು. ನೆಲದಿಂದ ಸೂರಿನವರೆಗೆ ಹಳೇ ಸಿನಿಮಾಗಳ ಡಿಸ್ಕ್‌ಗಳು. "ಫೋನಲ್ಲೇ ಎಲ್ಲ ಸಿಗುವಾಗ ಇದನ್ನ ಯಾರು ಕೊಳ್ತಾರೆ?" ಅಂತ ಯಾರಾದರೂ ಕೇಳಿದರೆ ಮಾಮ, "ಹುಚ್ಚರು ಕೊಳ್ತಾರೆ. ಹುಚ್ಚರಿಗೆ ಹುಚ್ಚ ಮಾರ್ತಾನೆ" ಅನ್ನುತ್ತಾರೆ.

ಆ ಶನಿವಾರ ಮಧ್ಯಾಹ್ನ ಹುಚ್ಚರೆಲ್ಲ ಸೇರಿದ್ದರು. ಕಾರಣ ಇತ್ತು. 'ನಮ್ಮ ಕತ್ತೆ' ಅನ್ನೋ ಕಪ್ಪು ಬಿಳುಪು ಸಿನಿಮಾ ಮೊದಲ ಸಲ ಡಿಸ್ಕ್ ಆಗಿ ಬರುವುದರಲ್ಲಿತ್ತು. ಇಟ್ಟಿಗೆ ಹೊರುವವರ ಮನೆಯೊಂದರಲ್ಲಿ ಕತ್ತೆಯನ್ನು ಮತ್ತೆ ಮತ್ತೆ ಮಾರುತ್ತಾರೆ, ಅದು ಪ್ರತಿ ಸಲವೂ ತಾನಾಗಿ ನಡೆದು ಮನೆಗೆ ವಾಪಸ್ ಬರುತ್ತೆ. ನೋಡಿದವರು ನಕ್ಕೂ ನಕ್ಕೂ ಕೊನೆಗೆ ಕಣ್ಣೊರೆಸಿಕೊಳ್ಳುವಂಥ ಸಿನಿಮಾ. ಡಿಸ್ಕ್ ಕಂಪನಿಯವರು ಎರಡು ಕವರ್ ಕಳಿಸಿದ್ದರು, ಒಂದು ಹೊಸದು, ಇನ್ನೊಂದು ಹಳೇ ಪೋಸ್ಟರಿನದು. ಯಾವುದು ಬೇಕು ಅಂತ ಅಭಿಮಾನಿಗಳನ್ನು ಕೇಳಿ ಸಂಜೆಯೊಳಗೆ ಹೇಳಿ ಅಂದಿದ್ದರು. ಮಾಮ ಎರಡನ್ನೂ ಅಂಗಡಿಯ ಗಾಜಿಗೆ ಅಂಟಿಸಿದ್ದರು.

"ಒಂದನೇದು ನೋಡಿ," ಗಡ್ಡದ ಅಣ್ಣ ಶುರು ಮಾಡಿದ. ಅವನು ಈ ಅಂಗಡಿಯ ಖಾಯಂ ಗಿರಾಕಿ. "ಬರೀ ಫೋಟೊ ತಲೆಗಳು! ಕುತ್ತಿಗೆಯೇ ಇಲ್ಲ, ಗಾಳೀಲಿ ತೇಲ್ತಾ ಇವೆ. ಹೇರ್ ಕಟಿಂಗ್ ಶಾಪಿನ ಬೋರ್ಡ್ ಥರ ಇದೆ."

"ಎರಡನೇದೇನು ಕಮ್ಮಿನಾ?" ಕನ್ನಡಕದ ಅಕ್ಕ ಬಿಡಲಿಲ್ಲ. ಅವಳು ಕಾಲೇಜಲ್ಲಿ ಸಿನಿಮಾ ಬಗ್ಗೆಯೇ ಓದುತ್ತಿದ್ದಳು. "ಹಳೇ ಪೋಸ್ಟರ್ ಅಂತ ಹೊಗಳಬೇಕಾ? ಕತ್ತೆ ನೀಲಿ ಬಣ್ಣ! ನೀಲಿ ಕತ್ತೆ ಎಲ್ಲಾದ್ರೂ ನೋಡಿದೀಯಾ?"

"ಕಪ್ಪು ಬಿಳುಪು ಸಿನಿಮಾ. ಕತ್ತೆ ಯಾವ ಬಣ್ಣ ಇತ್ತು ಅಂತ ನಿಂಗೆ ಕಿವೀಲಿ ಬಂದು ಹೇಳ್ತಾ?"

ಸ್ಟೂಲಿನ ಮೇಲೆ ಕೂತಿದ್ದ ಪ್ರೊಜೆಕ್ಟರ್ ತಾತ ಹೋ ಅಂತ ನಕ್ಕರು. ಒಂದು ಕಾಲದಲ್ಲಿ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. "ಆ ನೀಲಿ ಕತ್ತೆ ನೋಡೇ ಜನ ಟಿಕೆಟ್ ತಗೊಂಡಿದ್ದು ಕಣ್ರೋ. ಗೋಡೆ ಮೇಲೆ ಅದಿದ್ರೆ ಹೌಸ್‌ಫುಲ್!"

"ಆದ್ರೆ ನಾಯಿ ಎಲ್ಲಿ?" ಪಿಟೀಲು ಮತ್ತೆ ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

"ಕಂಪನಿಯವರು ಅಳಿಸಿದರಂತೆ ಪುಟ್ಟಾ," ಅಂದರು ಮಾಮ. "ಸಿನಿಮಾದಲ್ಲಿ ನಾಯಿಯೇ ಇಲ್ಲವಲ್ಲ ಅಂತ."

"ಒಳ್ಳೇ ಕೆಲಸ ಮಾಡಿದಾರೆ," ಅಂದಳು ಕನ್ನಡಕದ ಅಕ್ಕ.

"ಏನು ಒಳ್ಳೇ ಕೆಲಸ? ಅದು ಸಿಂಬಲ್!" ಗಡ್ಡದ ಅಣ್ಣನಿಗೆ ರೇಗಿತು. "ಮನೆ ಇರೋ ಕತ್ತೆ, ಮನೆ ಇಲ್ಲದ ನಾಯಿ. ಎಷ್ಟು ಆಳವಾಗಿದೆ!"

"ಏನು ಆಳವೋ. ಬಣ್ಣ ಚೆಲ್ಲಿತ್ತೇನೋ, ಅದಕ್ಕೇ ನಾಯಿ ಮಾಡಿದಾರೆ."

"ನಮ್ಮಜ್ಜಿ ಬಣ್ಣ ಚೆಲ್ಲೋರಲ್ಲ!" ಪಿಟೀಲು ಕಿರುಚಿದಳು. "ಆ ಪೋಸ್ಟರ್ ಬರೆದಿದ್ದೇ ನಮ್ಮಜ್ಜಿ!"

ಎಲ್ಲರೂ ತಿರುಗಿ ನೋಡಿದರು. ಮಾಮ ಫೋನ್ ಕೆಳಗಿಟ್ಟರು. "ಹೌದಾ? ಹಾಗಾದ್ರೆ ಓಡು, ನಾಯಿ ಯಾಕೆ ಅಂತ ಕೇಳ್ಕೊಂಡು ಬಾ. ಸರಿಯಾದ ಕಾರಣ ಇದ್ರೆ ವಾಪಸ್ ಹಾಕಿಸೋಣ. ಸಂಜೆಯೊಳಗೆ ಬಾ. ಆಮೇಲೆ ಪ್ರಿಂಟಿಗೆ ಹೋಗ್ಬಿಡುತ್ತೆ."

ಪಿಟೀಲು ಓಡಿದಳು. ಬೆನ್ನ ಮೇಲೆ ಬ್ಯಾಗು ದಡಬಡ ಕುಣಿಯುತ್ತಿತ್ತು. ಅಜ್ಜಿಯ ಪೋಸ್ಟರ್ ಡಿಸ್ಕ್ ಮೇಲೆ ಬರುತ್ತೆ ಅಂತ ಕ್ಲಾಸಿಗೆಲ್ಲ ಡಂಗುರ ಹೊಡೆದಾಗಿತ್ತು. ಈಗ ನೋಡಿದರೆ ನಾಯಿಯೇ ಮಾಯ!

ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆ ಟೈಲರಿಗೆ ಬೋರ್ಡ್ ಬರೆಯುತ್ತಿದ್ದಳು. ಪಿಟೀಲು ಒಂದೇ ಉಸಿರಲ್ಲಿ ಎಲ್ಲ ಒದರಿದಳು. ತಲೆಗಳು, ನೀಲಿ ಕತ್ತೆ, ಸಿಂಬಲ್, ಚೆಲ್ಲಿದ ಬಣ್ಣ, ಎಲ್ಲ.

ಅಜ್ಜಿ ಬ್ರಷ್ ತೊಳೆದಳು. "ಮೊದಲು ಡಿಕ್ಟೇಷನ್ ತೋರಿಸು. ಇವತ್ತು ಕೊಟ್ಟಿರ್ತಾರಲ್ಲ?"

"ಅಜ್ಜೀ! ಈಗ ಡಿಕ್ಟೇಷನ್ನಾ?"

"ತೋರಿಸು ಅಂದ್ನಲ್ಲ."

ಪುಸ್ತಕದ ತುಂಬ ಕೆಂಪು ಸೊನ್ನೆಗಳು. ಪಿಟೀಲು ಬರೆಯುವಾಗಲೂ ಮಾತಾಡುವಷ್ಟೇ ಸ್ಪೀಡು, ಹಾಗಾಗಿ ಒತ್ತಕ್ಷರಗಳು ಉದುರಿ ಹೋಗುತ್ತವೆ. 'ಅಕ್ಕ' ಹೋಗಿ 'ಅಕ' ಆಗಿತ್ತು, 'ಬೆಲ್ಲ' ಹೋಗಿ 'ಬೆಲ' ಆಗಿತ್ತು. ಕೆಳಗೆ ಟೀಚರ್ ಬರೆದಿದ್ದರು: 'ಒತ್ತುಗಳೆಲ್ಲ ಊಟಕ್ಕೆ ಹೋಗಿವೆಯಾ?'

ಬೈತಾಳೆ ಅಂದುಕೊಂಡರೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಂದಲ್ಲ ಕಣೇ ತಪ್ಪು. ಇದು ನಮ್ಮ ವಂಶದ ಕಾಯಿಲೆ. ಬಾ ಇಲ್ಲಿ."

ಒಳಕೋಣೆಯ ಬೀರುವಿನ ಬಾಗಿಲಿಗೆ ಆ ಪೋಸ್ಟರ್ ಅಂಟಿಸಿತ್ತು. ಅಂಚೆಲ್ಲ ಹರಿದು, ಕಂದು ತಿರುಗಿತ್ತು. ಪಿಟೀಲು ಹಾಲುಹಲ್ಲಿನ ಕಾಲದಿಂದಲೂ ಸವರಿ ಸವರಿ ನಾಯಿಯ ಬೆನ್ನು ಮಾಸಿಹೋಗಿತ್ತು.

"ಈ ಕತ್ತೆ, ಈ ಮನುಷ್ಯರು, ಮನೆ, ರಸ್ತೆ, ಇಷ್ಟೂ ನಮ್ಮಪ್ಪ ಬರೆದಿದ್ದು," ಅಂದಳು ಅಜ್ಜಿ.

"ಮತ್ತೆ ನೀನು?"

"ನಾನು ಅಕ್ಷರ ಬರೆದೆ. ಆಗ ನನಗೆ ಅಕ್ಷರ ಬಿಟ್ಟು ಬೇರೇನೂ ಕೊಡ್ತಿರಲಿಲ್ಲ."

ಪಿಟೀಲುವಿನ ಮುಖ ಇಷ್ಟೇ ಇಷ್ಟಾಯಿತು. ಬರೀ ಅಕ್ಷರನಾ? ಸೋಮವಾರ ಕ್ಲಾಸಲ್ಲಿ ಏನು ಹೇಳೋದು?

"ಅಚ್ಚಿಗೆ ಒಯ್ಯೋಕೆ ಪ್ರೆಸ್ಸಿನ ಗಾಡಿ ಬಂದು ನಿಂತಿತ್ತು. ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದ. ಅಪ್ಪ ಬಂದು ನೋಡಿದವರೇ, 'ಏನಮ್ಮಾ, ಕತ್ತೇನೇ ಕಳ್ಕೊಂಡ್ಯಲ್ಲ' ಅಂದರು."

"ಕತ್ತೆ ಇದೆಯಲ್ಲ, ಇಷ್ಟು ದೊಡ್ಡದು!"

"ಚಿತ್ರದಲ್ಲಿದೆ." ಅಜ್ಜಿ ಹೆಬ್ಬೆರಳಿಂದ ನಾಯಿಯನ್ನು ಮುಚ್ಚಿದಳು. "ಹೆಸರು ಓದು."

"ನಮ್ಮ... ಕ... ತೆ." ಪಿಟೀಲು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನಮ್ಮ ಕತೆ! ಅಯ್ಯೋ ಅಜ್ಜಿ, ನೀನು ಒತ್ತು ಬಿಟ್ಟಿದ್ದೆ!"

"ಬಿಟ್ಟಿದ್ದೆ. ಕೆಳಗೆ ರಸ್ತೆ ಬರೆದಾಗಿತ್ತು. ಅದರ ಮೇಲೆ ಒತ್ತು ತುರುಕಿದರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಅಳು ಬಂತು ನನಗೆ. ನೋಡಿದರೆ ಬಣ್ಣದ ಡಬ್ಬಿ ಪಕ್ಕ ನಮ್ಮ ಬೀದಿ ನಾಯಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಥೇಟ್ ತ ಒತ್ತು! ಬಾಲ ಮಾತ್ರ ಆಚೆ. ಗಾಡಿಯವನ ಕೈಲಿ ಬೈಯಿಸಿಕೊಂಡೇ ಬರೆದುಬಿಟ್ಟೆ."

"ನಿಮ್ಮಪ್ಪ ಬೈದ್ರಾ?"

"ಇಲ್ಲ. ಸುಮ್ನೆ ನಿಂತು ನೋಡಿದರು. ಮುಂದಿನ ಪೋಸ್ಟರಿಗೆ ಕುದುರೆ ಇತ್ತು. 'ಇದು ನೀನು ಬರಿ' ಅಂತ ದೊಡ್ಡ ಬ್ರಷ್ಷು ನನ್ನ ಕೈಗೆ ಕೊಟ್ಟರು. ಆಮೇಲೆ ಎಷ್ಟು ಪೋಸ್ಟರ್ ಬರೆದೆನೋ ಲೆಕ್ಕವಿಲ್ಲ."

ಅಜ್ಜಿ ದನಿ ತಗ್ಗಿಸಿದಳು. "ಇದನ್ನ ಯಾರಿಗೂ ಹೇಳ್ಬೇಡ ಮತ್ತೆ. ತಪ್ಪು ಮುಚ್ಚೋಕೆ ನಾಯಿ ಬರೆದಳು ಅಂತ ನಗ್ತಾರೆ. ಹೋದರೆ ಹೋಗಲಿ ಬಿಡು ಆ ನಾಯಿ. ನಿನ್ನ ಬಾಯಲ್ಲಿ ನಿಲ್ಲುತ್ತಾ ಈ ಮಾತು?"

"ನಿಲ್ಲುತ್ತೆ." ಹಾಗಂದಳೇ ಹೊರತು ಪಿಟೀಲುಗೇ ನಂಬಿಕೆ ಇರಲಿಲ್ಲ.

ಅಜ್ಜಿ ಬಿಡು ಅಂದಳು, ಸರಿ. ಆದರೆ ಅವಳ ಬೆರಳು ನಾಯಿಯನ್ನು ಬಿಟ್ಟಿರಲಿಲ್ಲ. ಅಲ್ಲಿದ್ದ ಧೂಳನ್ನು ಮೆಲ್ಲಗೆ ಒರೆಸುತ್ತಿದ್ದಳು. ಆ ದೊಡ್ಡ ಚಿತ್ರದಲ್ಲಿ ಅಜ್ಜಿ ಬರೆದ ಚಿತ್ರ ಅಂತ ಇದ್ದಿದ್ದು ಇದೊಂದೇ. ನಾಯಿ ಹೋದರೆ ಅಜ್ಜಿಯ ಚಿತ್ರವೇ ಹೋದ ಹಾಗೆ. ಪಿಟೀಲು ಬ್ಯಾಗನ್ನು ಅಲ್ಲೇ ಬಿಸಾಕಿ ಮತ್ತೆ ಓಡಿದಳು.

ಅಂಗಡಿಯಲ್ಲಿ ಮಾಮ ಆಗಲೇ ಫೋನ್ ಕೈಗೆ ತಗೊಂಡಿದ್ದರು. "ಬಂದ್ಯಾ? ಎರಡನೇ ಕವರಿಗೇ ಜಾಸ್ತಿ ವೋಟು ಬಂತು. ನಾಯಿ ಇಲ್ಲದೇ ಇದ್ರೂ ಪರವಾಗಿಲ್ಲ ಅಂದ್ರು ಎಲ್ಲ. ಏನಂದ್ರು ಅಜ್ಜಿ? ಯಾಕಂತೆ ನಾಯಿ?"

"ಸಿಂಬಲ್ ತಾನೆ?" ಅಂದ ಗಡ್ಡದ ಅಣ್ಣ.

ಮಾತು ನಾಲಿಗೆ ತುದಿಗೆ ಬಂದು ಕೂತಿತ್ತು. ಹಾರ್ನು, ಗಾಡಿ, ಅಳು, ಇಡೀ ಕತೆ! ಪಿಟೀಲು ಅದನ್ನು ಗುಳುಂ ಅಂತ ನುಂಗಿದಳು. ಹಾಗೆ ನುಂಗಿದ್ದು ಅದೇ ಮೊದಲು.

"ಮಾಮ, ಎರಡನೇ ಕವರಿನ ಹೆಸರು ಓದಿ."

"ನಮ್ಮ ಕತ್ತೆ. ಯಾಕೆ?"

"ಗೊತ್ತಿರೋದನ್ನ ಓದಬೇಡಿ ಮಾಮ. ಬರೆದಿರೋದನ್ನ ಓದಿ."

ಮಾಮ ಗಾಜಿನ ಹತ್ತಿರ ಬಗ್ಗಿದರು. ಪ್ರೊಜೆಕ್ಟರ್ ತಾತ ಸ್ಟೂಲಿಂದ ಎದ್ದು ಬಂದರು. ಕನ್ನಡಕದ ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು.

"ನಮ್ಮ..." ಅಕ್ಕನ ದನಿ ನಿಂತಿತು. "ಕ... ತೆ. ಕತೆ? ಅಯ್ಯಯ್ಯೋ, ಕತೆ ಅಂತ ಇದೆ!"

"ಒತ್ತೇ ಇಲ್ಲ!" ಅಂದ ಗಡ್ಡದ ಅಣ್ಣ. "ಹಳೇದರಲ್ಲಿ ಇತ್ತಲ್ಲ?" ಅವನು ತನ್ನ ಫೋನಲ್ಲಿ ಹಳೇ ಪೋಸ್ಟರ್ ತೆಗೆದು ದೊಡ್ಡದು ಮಾಡಿದ. 'ತೆ'ಯ ಕೆಳಗೆ, ರಸ್ತೆ ಮೇಲೆ, ಬಾಲ ಆಚೆ ಚಾಚಿಕೊಂಡು ನಾಯಿ ಹಾಯಾಗಿ ಮಲಗಿತ್ತು.

ಎಲ್ಲರೂ ಒಟ್ಟಿಗೇ ಮಾತಾಡಿದರು.

"ನಾಯಿಯೇ ಒತ್ತು!"

"ಇಷ್ಟು ವರ್ಷ ನೋಡಿದೀನಿ, ಹೊಳೆದೇ ಇರಲಿಲ್ಲವಲ್ಲೋ!" ತಾತ ತಲೆ ಚಚ್ಚಿಕೊಂಡರು. "ನಾಯಿ ಓಡಿಸೋಕೆ ಹೋಗಿ ಕತ್ತೇನೂ ಓಡಿಸಿಬಿಟ್ರು!"

"ಎಂಥಾ ತಲೆ ರೀ!" ಗಡ್ಡದ ಅಣ್ಣ ಕುಣಿಯುವುದೊಂದು ಬಾಕಿ. "ಇದನ್ನ ಯೋಚಿಸೋಕೆ ಎಷ್ಟು ದಿನ ಕೂತಿದ್ರೋ ಏನೋ!"

ಪಿಟೀಲು ಕೆಳತುಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಳು.

ಕನ್ನಡಕದ ಅಕ್ಕ ಅವಳ ಹತ್ತಿರ ಬಂದು ಮಂಡಿಯೂರಿ ಕೂತಳು. "ಬಣ್ಣ ಚೆಲ್ಲಿತ್ತು ಅಂದಿದ್ದು ತಪ್ಪಾಯ್ತು ಕಣೇ. ನನ್ನ ವೋಟು ನಾಯಿಗೆ. ಅಜ್ಜಿಗೆ ಹೇಳ್ತೀಯಾ?"

ಮಾಮ ಆಗಲೇ ಫೋನಲ್ಲಿ ಮಾತಾಡುತ್ತಿದ್ದರು. "ಸಾರ್, ನಿಮ್ಮ ಕತ್ತೆ ಕಳೆದುಹೋಗಿದೆ... ತಮಾಷೆ ಅಲ್ಲ ಸಾರ್, ಕವರ್ ಓದಿ ನೋಡಿ... ಹಾಂ, ನಾಯಿ ವಾಪಸ್ ಹಾಕಿದ್ರೆ ಕತ್ತೆ ತಾನಾಗಿ ಬರುತ್ತೆ... ಯಾರು ಕಂಡುಹಿಡಿದಿದ್ದಾ? ಪೋಸ್ಟರ್ ಬರೆದ ಅಮ್ಮನವರ ಮೊಮ್ಮಗಳು. ಒಂದು ಒತ್ತು ತಪ್ಪಿದ್ರೂ ಹಿಡೀತಾಳೆ ಸಾರ್!"

ಇದನ್ನು ಟೀಚರ್ ಕೇಳಿಸಿಕೊಂಡಿದ್ದರೆ ಕುರ್ಚಿಯಿಂದ ಬಿದ್ದಿರುತ್ತಿದ್ದರು.

ಡಿಸ್ಕ್ ಮನೆಗೆ ಬಂದ ದಿನ ಅಜ್ಜಿ ಕೈ ತೊಳೆದುಕೊಂಡು ಬಂದು ಅದನ್ನು ತಗೊಂಡಳು. ನೀಲಿ ಕತ್ತೆಯನ್ನು ನೋಡಲಿಲ್ಲ, ಮನುಷ್ಯರನ್ನು ನೋಡಲಿಲ್ಲ. ನೇರವಾಗಿ ಕೆಳಗೆ ನೋಡಿದಳು. ನಾಯಿ ಅಲ್ಲೇ ಮಲಗಿತ್ತು, ಮಾಸದ ಬೆನ್ನಿನ ಹೊಸ ನಾಯಿ.

"ಬಾಲ ಸ್ವಲ್ಪ ಉದ್ದವಾಯ್ತು," ಅಂದಳು ಅಜ್ಜಿ. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಬೀಗುತ್ತಿತ್ತು. "ನಾಯಿ ಬಗ್ಗೆ ಏನಂದ್ರು ಅವರೆಲ್ಲ?"

"ಬೇಕಂತಲೇ ಮಾಡಿದ್ದು, ತುಂಬಾ ದಿನ ಯೋಚಿಸಿ ಮಾಡಿದ್ದು ಅಂದ್ರು."

"ನೀನೇನಂದೆ?"

"ಏನೂ ಅನ್ನಲಿಲ್ಲ."

"ನೀನು? ಏನೂ ಅನ್ನಲಿಲ್ವಾ?" ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ಎತ್ತಿ ನೋಡಿದಳು, ಇವಳು ಅವಳೇನಾ ಅನ್ನುವ ಹಾಗೆ.

ಪಿಟೀಲು ಡಿಸ್ಕನ್ನು ಸ್ಕೂಲಿಗೂ ಒಯ್ದಳು. "ಇಡೀ ಚಿತ್ರ ನಿಮ್ಮಜ್ಜೀದಾ?" ಅಂತ ಪಕ್ಕದ ಬೆಂಚಿನವನು ಕೇಳಿದ.

"ಇಲ್ಲ. ಅಕ್ಷರ ನಮ್ಮಜ್ಜೀದು. ಮತ್ತೆ ಈ ನಾಯಿ."

"ಇಷ್ಟೇನಾ?"

"ಹೂಂ," ಅಂದಳು ಪಿಟೀಲು ತಲೆ ಎತ್ತಿ, ನಾಯಿಯ ಮೇಲೆ ಬೆರಳಿಟ್ಟು. "ಇದು."

ಅವತ್ತು ಮತ್ತೆ ಡಿಕ್ಟೇಷನ್ ಇತ್ತು. ಟೀಚರ್ ಹೇಳುತ್ತಾ ಹೋದರು, ಪಿಟೀಲು ಎಂದಿನ ಸ್ಪೀಡಲ್ಲಿ ಬರೆಯುತ್ತಾ ಹೋದಳು. ಕೊನೆಯಲ್ಲಿ ಟೀಚರ್ ಬೆಂಚಿನಿಂದ ಬೆಂಚಿಗೆ ಬರುತ್ತಿದ್ದಾಗ ಅವಳು ಬರೆದದ್ದನ್ನು ಒಮ್ಮೆ ಓದಿದಳು. ಗೊತ್ತಿರೋದನ್ನಲ್ಲ, ಬರೆದಿರೋದನ್ನ. 'ಮತೆ' ಅಂತ ಇತ್ತು. 'ಮತ್ತೆ' ಆಗಬೇಕಿತ್ತು.

ಕೈ ರಬ್ಬರಿನ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ಅವಳು 'ತೆ'ಯ ಕೆಳಗಿನ ಜಾಗವನ್ನು ನೋಡಿದಳು. ಪುಟ್ಟ ಜಾಗ, ಆದರೆ ಸಾಕಿತ್ತು. ಅಲ್ಲಿ ಒಂದು ಒತ್ತನ್ನು ನಿಧಾನವಾಗಿ ಸುರುಳಿ ಸುತ್ತಿ ಮಲಗಿಸಿದಳು.

ಟೀಚರ್ ಇನ್ನೂ ಎರಡು ಬೆಂಚು ಆಚೆ ಇದ್ದರು. ಅದಕ್ಕೊಂದು ಕಿವಿ ಹಾಕೋಕೆ ಟೈಮ್ ಇತ್ತು.