ಶನಿವಾರದ ತನಕ ಪ್ರಾರ್ಥನೆ

"ಹತ್ತರೀ... ಇಲ್ಲಾಂದ್ರ ದಾರಿ ಬಿಡ್ರೀ!"

ರಾಮದುರ್ಗದ ಬಸ್ ನಿಲ್ದಾಣ. ಸುರೇಬಾನದ ಬಸ್ಸು ಹೊರಟು ನಿಂತಿತ್ತು. ಬಾಗಿಲಲ್ಲಿ ಒಬ್ಬ ತರುಣ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದ! ಅವನ ಹಿಂದೆ ಸಿಕ್ಕಿಬಿದ್ದವಳು ನಾಗರತ್ನಾ. ಸುರೇಬಾನದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ.

ಅವನು ಕಣ್ಣು ತೆರೆದು ನಕ್ಕ. "ಕ್ಷಮಾ ಮಾಡ್ರಿ. ಇವತ್ತ ಹೊಸಾ ನೌಕರಿಗೆ ಹೊಂಟೇನಿ... ಪ್ರಾರ್ಥನಾ ಮಾಡಾಕತ್ತಿದ್ದೆ."

"ಬಸ್ಸಿನ ಬಾಗಲದಾಗ?!"

ಅವಳದೇ ಶಾಲೆಗೆ ಬಂದ ಗಣಿತದ ಮಾಸ್ತರ ಅವನು. ಹೆಸರು ದೇವದಾನ, ಬೈಲಹೊಂಗಲದ ಕ್ರೈಸ್ತ ಮನೆತನ. ದಿನಾ ಅದೇ ಬಸ್ಸು. ಜಗಳ ಹರಟೆಯಾಯಿತು, ಹರಟೆ ಏನಾಯಿತು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕೇ?

ಒಂದು ಕುತೂಹಲ ಮಾತ್ರ ಅವಳನ್ನು ಬಿಡಲಿಲ್ಲ.

"ನಮ್ಮನ್ಯಾಗ ದೊಡ್ಡ ವಿಚಾರ ಇದ್ರ ದೇವರಿಗೆ ಹೂ ಹಚ್ಚಿ ಕೇಳ್ತೇವ್ರಿ. ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಅಲ್ಲ. ನಿಮ್ಮಲ್ಲಿ ಏನು ಬೀಳತೈತ್ರಿ?"

"ಏನೂ ಬೀಳಂಗಿಲ್ರಿ."

"ಮತ್ತ ಹೆಂಗ ಗೊತ್ತಾಗತೈತಿ?"

"ಕೇಳಿ ಸುಮ್ನ ಕುಂದ್ರತೇನಿ. ಒಮ್ಮೊಮ್ಮೆ ಭಾಳ ದಿನಾ ಹಿಡಿತೈತಿ."

ಇದೆಂಥ ದೇವರಪ್ಪಾ, ಇಷ್ಟು ಕಾಯಿಸುತ್ತಾನೆ! ಅಂದುಕೊಂಡಳು ಅವಳು.

1998ರ ದೀಪಾವಳಿ ಮುಗಿದಿತ್ತು. ಅವಳ ತಂದೆ ನಿಜಗುಣಪ್ಪ, ಅರಿವೆ ಅಂಗಡಿಯವರು, ಊಟಕ್ಕೆ ಕೂತಾಗ ಹೇಳಿದರು. "ಬರೂ ಐತವಾರ ದೊಡವಾಡದ ವರನ ಕಡೆಯವರು ಬರತಾರ. ಅವತ್ತ ಲಗ್ನದ ನಿಶ್ಚೇ ಮುಗಿಸಿಬಿಡೂಣು."

ನಾಗರತ್ನಾ ತಟ್ಟೆ ಸರಿಸಿ ಎದ್ದಳು.

ಸೋಮವಾರ ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು. "ಐತವಾರ ನನ್ನ ನಿಶ್ಚೇ ಮಾಡತಾರಂತ. ನನಗ ನೀವು ಬೇಕ್ರಿ. ನಿಮಗ?"

ದೇವದಾನನ ಮುಖ ಬಿಳುಚಿತು. "ಪ್ರಾರ್ಥನಾ ಮಾಡಿ ಹೇಳತೇನ್ರಿ. ಶನಿವಾರದ ತನಕಾ ಟೈಮ್ ಕೊಡ್ರಿ."

ಅಯ್ಯೋ! ನಾನು ಬೇಕೋ ಬೇಡವೋ ಅನ್ನುವುದಕ್ಕೂ ದೇವರ ಅಪ್ಪಣೆ ಬೇಕೇ? ಇವನಿಗೇ ಮನಸ್ಸಿಲ್ಲ, ದೇವರ ಬಾಯಿಂದ 'ಅಲ್ಲ' ಅನ್ನಿಸಲು ನೋಡುತ್ತಿದ್ದಾನೆ...

ಅವಳು ಬೇರೆ ಸೀಟಿನಲ್ಲಿ ಕೂರತೊಡಗಿದಳು. ಗುರುವಾರದಿಂದ ಅವನು ಬಸ್ಸಿಗೇ ಬರಲಿಲ್ಲ. ರಜೆ ಹಾಕಿದ್ದಾನಂತೆ! ಶನಿವಾರವೂ ಇಲ್ಲ. ಉತ್ತರ ಸಿಕ್ಕಿತಲ್ಲ ಎಂದು ಅತ್ತಳು.

ಮಧ್ಯಾಹ್ನ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅದೇನು ಈ ಸುಮ್ಮನೆ ಕೂರುವುದು, ನೋಡೇಬಿಡೋಣ! ಕಣ್ಣು ಮುಚ್ಚಿದಳು. ಅವನು ಬರಲಿ ಎಂದು ಕೇಳಲು ಹೋದಳು. ಕೂತಷ್ಟೂ ಆ ಮಾತು ಹಿಂದೆ ಸರಿಯಿತು. ಅವನು ಬಾರದಿದ್ದರೂ ಮನಸ್ಸಿಲ್ಲದ ಮದುವೆ ಆಗಲಾರೆ ಅನ್ನುವುದು ಅವಳಿಗೆ ಸ್ಪಷ್ಟವಾಯಿತು. ಹಾಗಾದರೆ ಬೇಡಬೇಕಾದ್ದು ಒಂದೇ... ಅಪ್ಪನ ಮುಂದೆ ನಿಲ್ಲುವ ಧೈರ್ಯ!

ಎದ್ದು ನೇರ ಅಂಗಡಿಗೆ ನಡೆದಳು.

"ಅಪ್ಪಾ, ದೊಡವಾಡದವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ. ನಾ ಒಲ್ಲೆ!"

ಅಂದಮೇಲೆ ನೋಡುತ್ತಾಳೆ, ಅಪ್ಪನ ಎದುರು ದೇವದಾನ! ಪಕ್ಕದಲ್ಲಿ ಅವನ ತಾಯಿ!

ನಿಜಗುಣಪ್ಪ ಮಗಳನ್ನೊಮ್ಮೆ, ದೇವದಾನನನ್ನೊಮ್ಮೆ ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡರು. "ಇವರಿಗೂ ಹೂಂ ಅಂದಿಲ್ಲ ಮತ್ತ. ನನಗ ವಿಚಾರ ಮಾಡಾಕ ಬಿಡ್ರಿ. ಆದ್ರ ಮಗಳು ಒಲ್ಲೆ ಅಂದಮ್ಯಾಲ ದೊಡವಾಡಕ್ಕ ಫೋನ್ ಹಚ್ಚಲೇಬೇಕಲ್ಲ."

ಅವರು ಫೋನಿನ ಕಡೆ ಎದ್ದು ಹೋದಾಗ ನಾಗರತ್ನಾ ಅಂಗಡಿಯ ಮೆಟ್ಟಿಲಲ್ಲಿ ಅವನನ್ನು ತಡೆದಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ನಾ ಬೇಕೋ ಬ್ಯಾಡೋ ಅಂತ ದೇವರನ್ನ ಕೇಳಾಕ ಇಷ್ಟ ದಿನಾ ಹಿಡೀತೇನ್ರಿ?"

"ಅದನ್ನ ಯಾಕ ಕೇಳಲಿ? ನೀವು ಬೇಕು ಅನ್ನೂದು ನನಗ ಎಂದೋ ಗೊತ್ತಿತ್ತು!" ಅವನು ಒಳಗಿದ್ದ ತಾಯಿಯ ಕಡೆ ನೋಡಿದ. "ನಮ್ಮವ್ವನ ಮುಂದ, ನಿಮ್ಮಪ್ಪನ ಮುಂದ ಬಾಯಿ ಬಿಡಾಕ ಧೈರ್ಯಾ ಕೊಡು ಅಂತ ಬೇಡಿಕೊಂಡೆ. ರಜಾ ಹಾಕಿ ಊರಿಗೆ ಹೋದೆ, ಅವ್ವ ಒಪ್ಪಾಕ ಎರಡು ದಿನಾ ತಗೊಂಡ್ಲು."

ನಾಗರತ್ನಾಳಿಗೆ ಅಳುವಿನ ನಡುವೆ ನಗು ಬಂತು. ತಾನೂ ಬೇಡಿದ್ದು ಅದನ್ನೇ ಅಲ್ಲವೇ!

"ಅಪ್ಪ ಕಡೀಕೂ ಒಲ್ಲೆ ಅಂದ್ರ?"

"ಮುಂದಿನ ಶನಿವಾರ ಮತ್ತ ಬಂದು ಅವರ ಮುಂದ ಕುಂದ್ರತೇನಿ."

"ಬರ್ರಿ," ಎಂದಳು ಅವಳು, ಸೆರಗಿನಿಂದ ಕಣ್ಣೊರೆಸಿಕೊಂಡು. "ಆವಾಗ ನಾನು ನಿಮ್ಮ ಬಾಜೂಕ ಕುಂದ್ರತೇನಿ."