ಆಯಿ ಹಾಕಿದ ಆಣೆ

"ರತ್ನವ್ವಾರ, ಆರಾಮ ಅದೀರಿ?" ನರ್ಸ್ ಮಾಬೂಬಿ ಬಾಗಿಲಿನಿಂದಲೇ ಕೇಳಿದರು.

"ಆರಾಮ್ರಿ," ಎಂದಳು ಆಯಿ. ಮಾಬೂಬಿ ಮುಂದಿನ ವಾರ್ಡಿಗೆ ಹೊರಟುಹೋದರು.

ಆರಾಮಂತೆ! ಸ್ಟೂಲಿನ ಮೇಲೆ ಕೂತಿದ್ದ ಸೌಂದರ್ಯಾಳಿಗೆ ಸಿಟ್ಟೇ ಬಂತು. ಚಾದರದೊಳಗೆ ಆಯಿಯ ಕೈ ನಡುಗುತ್ತಿತ್ತು.

ಹುಬ್ಬಳ್ಳಿ ಕಡೆಯವರ ಚಾಳಿಯೇ ಇದು. ಯಾರಾದರೂ "ಆರಾಮ?" ಎಂದರೆ ಸಾಕು, ಕಾಲು ಮುರಿದುಕೊಂಡು ಬಿದ್ದಿದ್ದರೂ "ಆರಾಮ್ರಿ" ಎನ್ನುತ್ತಾರೆ. ಸೌಂದರ್ಯಾಳ ಅಜ್ಜಿ, ಈ ಆಯಿಯಂತೂ ಅದರಲ್ಲಿ ಎಲ್ಲರಿಗಿಂತ ಮುಂದು. ಮೊನ್ನೆ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ನಾಳೆ ಡಿಸ್ಚಾರ್ಜ್. ಅವ್ವ ಊಟ ತರಲು ಕ್ಯಾಂಟೀನಿಗೆ ಹೋಗಿದ್ದಳು.

"ಆಯಿ, ಚಳಿ ಹತ್ತೇತೇನ?"

"ಫ್ಯಾನಿನ ಗಾಳಿಗೆ ಹಂಗ ಆಗೇತಿ. ಸುಮ್ನಿರು."

ಫ್ಯಾನು ತಿರುಗುತ್ತಲೇ ಇರಲಿಲ್ಲ.

"ಮತ್ತ ಯಾಕ ಹಿಂಗ ತೇಕಾಕತ್ತಿ? ನಾ ಸಿಸ್ಟರ್‌ಗೆ ಹೇಳ್ತೇನಿ."

"ಹೇಳಿದ್ಯಂದ್ರ ನೋಡು! ನಾಳೆ ಮನಿಗೆ ಕಳಸಂಗಿಲ್ಲ ಅವರು. ನನ್ನ ಆಣಿ ಐತಿ ನಿನಗ!"

ಸೌಂದರ್ಯಾ ಪೆಚ್ಚಾದಳು. ಆಣೆ ಮುರಿದರೆ ಆಯಿಗೇ ಏನಾದರೂ ಆದೀತು. ಹೇಳದಿದ್ದರೂ ಏನಾದರೂ ಆದೀತು. ಆಯಿಯ ಉಸಿರು ಇನ್ನೂ ಜೋರಾಯಿತು. ಸೌಂದರ್ಯಾ ಎದ್ದು ಕಾರಿಡಾರಿನಲ್ಲಿ ಓಡಿದಳು.

"ಸಿಸ್ಟರ್, ನಾ ಏನೂ ಹೇಳಂಗಿಲ್ರಿ. ನಮ್ಮ ಆಯಿ ಆಣಿ ಹಾಕ್ಯಾಳ್ರಿ. ಆದ್ರ ನೀವು ಇನ್ನೊಮ್ಮೆ ಬಂದು ಕೇಳ್ರಿ. ಆರಾಮ ಅಂತ ಮಾತ್ರ ಕೇಳಬ್ಯಾಡ್ರಿ!"

ಮಾಬೂಬಿ ಅವಳ ಮುಖ ನೋಡಿದರು. ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟು ಬಂದರು. ಈ ಸಲ ಅವರು ಮಂಚದ ಪಕ್ಕದಲ್ಲೇ ಕೂತರು.

"ರತ್ನವ್ವಾರ, ಮುಂಜಾನಿಗಿಂತ ಈಗ ಛಲೋ ಅನಸ್ತೈತೋ, ತ್ರಾಸ ಅನಸ್ತೈತೋ? ನಿಮ್ಮ ಮೈ ನಿಮಗ ಗೊತ್ತು. ಬಿ.ಪಿ. ಮಷಿನ್ ಹೇಳೂದ್ರಾಗ ತಡಾ ಆಗ್ತೈತಿ. ನೀವು ಹೇಳಿದ್ರ ನಮಗ ಲಗೂ ತಿಳೀತೈತಿ."

ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಛಲೋ ಇಲ್ಲವಾ," ಎಂದಳು ಕೊನೆಗೆ. "ಮುಂಜಾನಿಗಿಂತ ಭಾಳ ತ್ರಾಸ ಆಗೇತಿ. ಉಸಿರು ಹಿಡದಂಗ ಆಗಾಕತ್ತೈತಿ."

ಆಮೇಲೆ ಎಲ್ಲವೂ ಗಡಿಬಿಡಿ. ಡಾಕ್ಟರ್ ಓಡಿ ಬಂದರು. ರಕ್ತ ತೆಗೆದರು, ಸಲೈನ್ ಹಚ್ಚಿದರು. ಸಂಜೆ ಡಾಕ್ಟರ್ ಅವ್ವನಿಗೆ ಹೇಳಿದರು, "ಒಳಗ ಇನ್‌ಫೆಕ್ಷನ್ ಶುರು ಆಗಿತ್ರಿ. ಬೇಗ ಗೊತ್ತಾತು, ಔಷಧ ಹತ್ತೇತಿ. ಇನ್ನ ನಾಕು ದಿನ ಇಲ್ಲೇ ಇರಲಿ."

ಮನೆಗೆ ಹೋಗುವುದು ತಪ್ಪಿತು! ಸೌಂದರ್ಯಾ ಬೈಗುಳ ತಿನ್ನಲು ತಯಾರಾಗಿಯೇ ಒಳಗೆ ಹೋದಳು.

"ಆಯಿ, ನಾ ಹೇಳಲಿಲ್ಲ..."

"ಗೊತ್ತೈತಿ, ಬಾ ಇಲ್ಲೆ," ಎಂದಳು ಆಯಿ. ಉಸಿರು ಈಗ ನಿಧಾನವಾಗಿತ್ತು. "ನನಗ ಅಂಜಿಕಿ ಆಗಿತ್ತವಾ. ಅದಕ್ಕ ಯಾರ ಮುಂದೂ ಹೇಳಲಿಲ್ಲ."

ಹೊಲದಲ್ಲಿ ಹಾವು ಕಂಡರೆ ಬಡಿಗೆ ಹಿಡಿದು ನಿಲ್ಲುವ ಆಯಿ! ಅವಳಿಗೂ ಅಂಜಿಕೆ ಆಗುತ್ತದೆ ಎಂದು ಸೌಂದರ್ಯಾ ಯಾವತ್ತೂ ಅಂದುಕೊಂಡಿರಲಿಲ್ಲ. ಅವಳು ಸೂಜಿ ಚುಚ್ಚದ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ನನಗೂ ಆಗಿತ್ತು, ಆಯಿ," ಎಂದಳು.